ಹೆಸರಿನ ಗಣರಾಜ್ಯವೂ ಹುರುಳಿನ ಗಣರಾಜ್ಯವೂ

ಸಿಂಹಾಸನವನ್ನು ತೆಗೆದು ಆ ಸ್ಥಳದಲ್ಲಿ ಕುರ್ಚಿಯನ್ನಿಟ್ಟ ಮಾತ್ರಕ್ಕೆ ಒಂದು ದೇಶದಲ್ಲಿ ಪ್ರಜೆಗಳ ಆಳಿಕೆ ಉಂಟಾಗುವುದೇ? ಪ್ರಜೆಗಳು ಮೊದಲು ಯೋಗ್ಯರಾಗಿ ಆಮೇಲೆ ಅಧಿಕಾರವನ್ನು ಪಡೆಯಬೇಕೋ, ಅಥವಾ ಅಧಿಕಾರವನ್ನು ಪಡೆದು ಅದನ್ನು ನಡೆಯಿಸುತ್ತ ನಡೆಯಿಸುತ್ತ ಯೋಗ್ಯರಾಗಬೇಕೋ? ಈ ಪ್ರಶ್ನೆಗಳು ಯಾವುದೋ ಒಂದು ದೇಶಕ್ಕೆ ಮಾತ್ರ ಸೇರಿದವಲ್ಲ. ಆದರೆ ಇವುಗಳನ್ನು ಸುಮಾರು ಮೂವತ್ತು ವರ್ಷಗಳ ಕಾಲ ಬಿಡದೆ ಚಿಂತಿಸಿ, ಆ ಚಿಂತನೆಯ ಫಲವನ್ನು ಪತ್ರಿಕೆಗಳ ಮೂಲಕ ಜನರ ಮುಂದಿಟ್ಟು, ಬರೆದ ಮಾತಿಗಾಗಿ ದೇಶಭ್ರಷ್ಟರಾಗಿ ಬಾಳಿದವರು ಚೀಣದ ಲಿಯಾಂಗ್ ಚಿಚಾವೊ ಮಹಾಶಯರು. ಸನ್ ಯಾಟ್ ಸೆನ್ ಅವರ ಹೆಸರನ್ನು ಕೇಳದವರು ನಮ್ಮ ವಾಚಕರಲ್ಲಿ ವಿರಳ. ಲಿಯಾಂಗ್ ಅವರ ಹೆಸರನ್ನು ಕೇಳಿದವರು ಅದಕ್ಕಿಂತಲೂ ವಿರಳ. ಗೆದ್ದವರ ಕೀರ್ತಿಯ ನೆರಳಿನಲ್ಲಿ ಎಚ್ಚರಿಸಿದವರ ಹೆಸರು ಮರೆಯಾಗುವುದು ಲೋಕರೂಢಿ. ಆದುದರಿಂದಲೇ ಈ ದಿನ ಅವರ ವಿಚಾರವನ್ನು ಕೊಂಚ ವಿಸ್ತಾರವಾಗಿ ವಾಚಕರ ಮುಂದಿಡಲು ಇಚ್ಛಿಸುತ್ತೇವೆ.

ಲಿಯಾಂಗ್ ಅವರು ೧೮೭೩ನೆಯ ಇಸವಿಯಲ್ಲಿ ದಕ್ಷಿಣ ಚೀಣದ ಗ್ವಾಂಗ್‌ಡುಂಗ್ ಪ್ರಾಂತದ ಒಂದು ಹಳ್ಳಿಯಲ್ಲಿ ಜನಿಸಿದರು. ಹದಿನಾರು ವರ್ಷಕ್ಕೇ ಪ್ರಾಂತದ ರಾಜಕೀಯ ಪರೀಕ್ಷೆಯಲ್ಲಿ ತೇರ್ಗಡೆಯಾದ ಈ ತರುಣರು ಮರುವರ್ಷ, ಅಂದರೆ ೧೮೯೦ರಲ್ಲಿ, ಕಾಂಗ್ ಯೂವೆಯ್ ಎಂಬ ಪಂಡಿತರ ಶಿಷ್ಯರಾದರು. ಗುರುವು ಆ ಪರೀಕ್ಷೆಯಲ್ಲಿ ಇನ್ನೂ ತೇರ್ಗಡೆಯಾಗಿರಲಿಲ್ಲ! ಪದವಿಯನ್ನು ಪಡೆದವನು ಪಡೆಯದವನ ಪಾದದ ಬಳಿ ಕುಳಿತು ಕಲಿತನೆಂಬುದು ವಿದ್ಯೆಗೂ ಪದವಿಗೂ ಇರುವ ಅಂತರವನ್ನು ಆ ವಯಸ್ಸಿನಲ್ಲಿಯೇ ಅವರು ಅರಿತಿದ್ದರೆಂಬುದಕ್ಕೆ ಸಾಕ್ಷಿ. ೧೮೯೫ರಲ್ಲಿ ಜಪಾನಿನ ಕೈಯಲ್ಲಿ ಚೀಣವು ಸೋತು ಅವಮಾನಕರವಾದ ಒಡಂಬಡಿಕೆಗೆ ತಲೆಬಾಗಿದಾಗ, ಗುರುಶಿಷ್ಯರಿಬ್ಬರೂ ಪರೀಕ್ಷೆಗಾಗಿ ರಾಜಧಾನಿಗೆ ಬಂದಿದ್ದ ನೂರಾರು ವಿದ್ವಾಂಸರನ್ನು ಕೂಡಿಸಿ ಚಕ್ರವರ್ತಿಗೆ ಬಿನ್ನವತ್ತಳೆಯನ್ನು ಬರೆದರು. ಮರುವರ್ಷ ಲಿಯಾಂಗ್ ಅವರು ಶಾಂಘಾಯಿಯಲ್ಲಿ ‘ಶಿವು ಬಾವೊ’ ಎಂಬ ಪತ್ರಿಕೆಯ ಲೇಖಣಿಯನ್ನು ಹಿಡಿದರು. ಅಂದಿನಿಂದ ಅವರ ಕೈಯಿಂದ ಲೇಖಣಿಯು ಜಾರಲಿಲ್ಲ.

೧೮೯೮ರ ಬೇಸಗೆಯಲ್ಲಿ ತರುಣ ಚಕ್ರವರ್ತಿ ಗ್ವಾಂಗ್‌ಶೂ ಈ ಸುಧಾರಕರ ಮಾತಿಗೆ ಕಿವಿಗೊಟ್ಟು ಆಜ್ಞೆಯ ಮೇಲೆ ಆಜ್ಞೆಯನ್ನು ಹೊರಡಿಸಿದನು. ಜೂನ್ ೧೧ರಂದು ಮೊದಲಾದ ಈ ಸುಧಾರಣೆಯು ಸೆಪ್ಟೆಂಬರ್ ೨೧ರಂದು ಮುಗಿದುಹೋಯಿತು. ವಿಧವಾ ಮಹಾರಾಣಿ ತ್ಸೂಶಿಯು ಚಕ್ರವರ್ತಿಯನ್ನು ಅರಮನೆಯಲ್ಲಿಯೇ ಸೆರೆಯಿಟ್ಟು ಅಧಿಕಾರವನ್ನು ತನ್ನ ವಶಕ್ಕೆ ತೆಗೆದುಕೊಂಡಳು. ಆರು ಮಂದಿ ಸುಧಾರಕರ ತಲೆ ಹಾರಿತು. ಅವರಲ್ಲಿ ಒಬ್ಬರಾದ ತಾನ್ ಸೂತುಂಗ್ ಅವರು ಓಡಿಹೋಗಲು ಅವಕಾಶವಿದ್ದರೂ ಓಡದೆ ಮರಣವನ್ನು ವರಿಸಿದರು. ಲಿಯಾಂಗ್ ಅವರು ಜಪಾನಿನ ರಾಯಭಾರಿಯ ಕಚೇರಿಯಲ್ಲಿ ಅಡಗಿದ್ದು ಜಪಾನೀ ಹಡಗನ್ನೇರಿ ಪಾರಾದರು. ಆಗ ಅವರಿಗೆ ಇಪ್ಪತ್ತೈದು ವರ್ಷ. ಮುಂದಿನ ಹದಿನಾಲ್ಕು ವರ್ಷಗಳು ಪರದೇಶವಾಸದಲ್ಲಿ ಕಳೆದವು.

ಜಪಾನಿನ ಯೊಕೊಹಾಮಾ ಬಂದರಿನಲ್ಲಿ ಅವರು ಮೊದಲು ‘ಚಿಂಗ್‌ಯಿ ಬಾವೊ’ ಎಂಬ ಪತ್ರಿಕೆಯನ್ನೂ, ೧೯೦೨ರಿಂದ ‘ಶಿನ್‌ಮಿನ್ ತ್ಸುಂಗ್‌ಬಾವೊ’ ಎಂಬುದನ್ನೂ ನಡೆಯಿಸಿದರು. ಎರಡನೆಯದರ ಹೆಸರಿನಲ್ಲಿರುವ ‘ಶಿನ್‌ಮಿನ್’ ಎಂಬುದಕ್ಕೆ ‘ನೂತನ ಜನ’ ಎಂದು ಅರ್ಥ. ಚೀಣ ಸರ್ಕಾರವು ಈ ಪತ್ರಿಕೆಗಳನ್ನು ನಿಷೇಧಿಸಿತು. ನಿಷೇಧಿಸಿದಷ್ಟೂ ಅವು ಗುಟ್ಟಾಗಿ ಒಳನಾಡನ್ನು ಸೇರಿ ಕೈಯಿಂದ ಕೈಗೆ ಹರಿದಾಡಿದವು. ಹಳೆಯ ಪಂಡಿತಭಾಷೆಯ ಬಿಗುವನ್ನು ಸಡಿಲಿಸಿ, ಜಪಾನೀ ಪುಸ್ತಕಗಳಿಂದ ಹೊಸ ಪದಗಳನ್ನು ತೆಗೆದುಕೊಂಡು, ಅವರು ಬರೆದ ಗದ್ಯವು ಒಂದು ತಲೆಮಾರಿನ ಚೀಣೀ ತರುಣರಿಗೆ ರಾಜಕೀಯದ ಅಕ್ಷರಾಭ್ಯಾಸವನ್ನು ಮಾಡಿಸಿತು.

ಆ ಪತ್ರಿಕೆಯಲ್ಲಿ ಅವರು ಲೇಖನಮಾಲೆಯಾಗಿ ಬರೆದ ‘ನೂತನ ಜನ’ ವಿಚಾರದ ತಿರುಳನ್ನು ಹೀಗೆ ಸಂಗ್ರಹಿಸಬಹುದು. ಚೀಣದ ಜನರಿಗೆ ಮನೆಯು ಗೊತ್ತು, ಕುಲವು ಗೊತ್ತು, ‘ಆಕಾಶದ ಕೆಳಗಿನ ಜಗತ್ತು’ ಎಂಬ ವಿಶಾಲ ಭಾವನೆಯೂ ಗೊತ್ತು. ಈ ಎರಡರ ನಡುವೆ ಇರಬೇಕಾದ ರಾಷ್ಟ್ರವು ಮಾತ್ರ ಗೊತ್ತಿಲ್ಲ. ತಂದೆಗೆ ಮಗನ ಧರ್ಮ, ಅಣ್ಣನಿಗೆ ತಮ್ಮನ ಧರ್ಮ, ಒಡೆಯನಿಗೆ ಸೇವಕನ ಧರ್ಮ ಇವೆಲ್ಲವನ್ನೂ ಪೂರ್ವಿಕರು ಸೂಕ್ಷ್ಮವಾಗಿ ವಿವರಿಸಿದರು. ಪರಿಚಯವೇ ಇಲ್ಲದ ದೇಶಬಾಂಧವನಿಗೆ ತಾನು ಏನು ಸಲ್ಲಿಸಬೇಕೆಂಬ ಸಾರ್ವಜನಿಕ ಧರ್ಮವನ್ನು ಅಷ್ಟಾಗಿ ಹೇಳಲಿಲ್ಲ. ಈ ಕೊರತೆಯಿರುವವರೆಗೆ ಒಳ್ಳೆಯ ಮಂತ್ರಿ ಬಂದರೂ ಒಳ್ಳೆಯ ಕಾನೂನು ಬಂದರೂ ರಾಷ್ಟ್ರವು ಏಳುವುದಿಲ್ಲ. ಒಬ್ಬ ಮಹಾಪುರುಷನು ಬಂದು ಉದ್ಧರಿಸುವನೆಂದು ಕಾಯುವುದು ದಾಸ್ಯದ ಲಕ್ಷಣ.

ಇಲ್ಲಿ ನಮ್ಮ ಭಾಷೆಯ ಒಂದು ಪದವನ್ನು ನೆನೆಯುವುದು ಅಪ್ರಸ್ತುತವಾಗಲಾರದು. ‘ಪ್ರಜೆ’ ಎಂಬ ಶಬ್ದಕ್ಕೆ ಸಂಸ್ಕೃತದಲ್ಲಿ ಸಂತಾನವೆಂದೂ ಅರ್ಥ. ದೊರೆಯು ತಂದೆ, ನಾಡಿಗರು ಮಕ್ಕಳು ಎಂಬ ಭಾವನೆಯು ಆ ಪದದೊಳಗೇ ಅಡಗಿದೆ. ಮಕ್ಕಳನ್ನು ತಂದೆಯು ಎಷ್ಟೇ ಚೆನ್ನಾಗಿ ಸಾಕಿದರೂ ಮನೆಯ ಯಜಮಾನಿಕೆ ಮಕ್ಕಳದಲ್ಲ. ಚೀಣದ ಪ್ರಾಚೀನ ರಾಜನೀತಿಯೂ ಇದೇ ಆಗಿತ್ತು. ಪ್ರಜೆಯೇ ಪ್ರಧಾನ, ರಾಜನು ಗೌಣ ಎಂದು ಮೆನ್ಷಿಯಸ್ ಋಷಿಯು ಎರಡು ಸಾವಿರ ವರ್ಷಗಳಿಗೂ ಹಿಂದೆಯೇ ಬೋಧಿಸಿದ್ದನು. ಲಿಯಾಂಗ್ ಅವರು ಇದನ್ನು ಅಭಿಮಾನದಿಂದ ಒಪ್ಪಿಕೊಂಡರು. ಆದರೆ ಅಭಿಮಾನಕ್ಕೆ ವಿವೇಕವನ್ನು ಬಲಿಗೊಡಲಿಲ್ಲ. ಪ್ರಜೆಗಳದಾದ ರಾಜ್ಯ, ಪ್ರಜೆಗಳಿಗಾಗಿ ರಾಜ್ಯ ಎಂಬ ಎರಡು ತತ್ತ್ವಗಳು ನಮ್ಮ ಪೂರ್ವಿಕರಿಗೆ ತಿಳಿದಿದ್ದವು; ಪ್ರಜೆಗಳಿಂದಲೇ ನಡೆಯುವ ರಾಜ್ಯವೆಂಬ ಮೂರನೆಯದನ್ನು ಮಾತ್ರ ಅವರು ಯೋಚಿಸಲೇ ಇಲ್ಲ ಎಂದು ಅವರು ಮುಂದೆ ೧೯೨೨ರ ಸುಮಾರಿಗೆ ಪ್ರಾಚೀನ ರಾಜಕೀಯ ವಿಚಾರವನ್ನು ಕುರಿತ ತಮ್ಮ ಗ್ರಂಥದಲ್ಲಿ ನಿರ್ದಾಕ್ಷಿಣ್ಯವಾಗಿ ಪ್ರತಿಪಾದಿಸಿದರು. ಪೂರ್ವಿಕರಲ್ಲಿ ಎಲ್ಲವೂ ಇತ್ತೆಂದು ಕೊಚ್ಚಿಕೊಳ್ಳುವವರೂ, ಏನೂ ಇರಲಿಲ್ಲವೆಂದು ಹೀಗಳೆಯುವವರೂ ಈ ಮಾತನ್ನು ಗಮನಿಸತಕ್ಕದ್ದು.

ಈ ಕಾಲದವರೆಗೆ ಲಿಯಾಂಗ್ ಅವರ ಒಲವು ಗಣರಾಜ್ಯದ ಕಡೆಗೇ ಇದ್ದಿತು. ೧೯೦೩ರಲ್ಲಿ ಅವರು ಕೈಕೊಂಡ ಅಮೆರಿಕದ ಪ್ರವಾಸವು ಅದನ್ನು ಕದಲಿಸಿತು. ಕೆನಡಾದಿಂದ ಮೊದಲಾಗಿ ನ್ಯೂಯಾರ್ಕ್, ಬೋಸ್ಟನ್, ವಾಷಿಂಗ್ಟನ್ ನಗರಗಳನ್ನು ನೋಡಿ, ಅಧ್ಯಕ್ಷ ಥಿಯೊಡೋರ್ ರೂಸ್‌ವೆಲ್ಟ್ ಅವರನ್ನೂ ಧನಾಢ್ಯ ಮಾರ್ಗನ್ ಅವರನ್ನೂ ಕಂಡು, ಕೊನೆಗೆ ಅವರು ಸ್ಯಾನ್‌ಫ್ರಾನ್ಸಿಸ್ಕೊ ನಗರವನ್ನು ಸೇರಿದರು. ಅಲ್ಲಿ ಅವರ ದೇಶಬಾಂಧವರು ಸಹಸ್ರಾರು ಮಂದಿ ನೆಲೆಸಿದ್ದರು. ಅವರ ತಲೆಯ ಮೇಲೆ ಚಕ್ರವರ್ತಿಯ ದಂಡವಿರಲಿಲ್ಲ. ಸಂಘ ಕಟ್ಟಲು, ಸಭೆ ಸೇರಲು, ಪತ್ರಿಕೆ ನಡೆಯಿಸಲು ಅಡ್ಡಿಯಿರಲಿಲ್ಲ. ಆದರೂ ಅಲ್ಲಿ ಲಿಯಾಂಗ್ ಅವರು ಕಂಡದ್ದೇನು? ಒಂದೊಂದು ಕುಲಕ್ಕೆ ಒಂದೊಂದು ಸಂಘ, ಒಂದೊಂದು ಊರಿನವರಿಗೆ ಒಂದೊಂದು ಸಂಘ. ಸಂಘಸಂಘಗಳಿಗೆ ಜಗಳ, ಕೊಲೆ. ಸಭೆ ಸೇರಿದರೆ ಹಿರಿಯರ ಅಪ್ಪಣೆ, ಇಲ್ಲವೇ ಗದ್ದಲ. ಇವೆರಡರ ನಡುವಿನ ಕ್ರಮಬದ್ಧ ಚರ್ಚೆಯೆಂಬುದೇ ಇಲ್ಲ. ಹಳ್ಳಿಯನ್ನು ಬಿಟ್ಟು ಸಮುದ್ರವನ್ನು ದಾಟಿದ ಜನರು ಹಳ್ಳಿಯ ಬುದ್ಧಿಯನ್ನು ಗಂಟುಕಟ್ಟಿಕೊಂಡೇ ಬಂದಿದ್ದರು. ಇಂತಹ ಜನರ ಕೈಗೆ ಈ ದಿನವೇ ಬಹುಮತದ ಆಳಿಕೆಯನ್ನು ಕೊಟ್ಟರೆ ರಾಷ್ಟ್ರವು ಆತ್ಮಹತ್ಯೆ ಮಾಡಿಕೊಂಡಂತಾಗುವುದೆಂದು ಅವರ ಮನಸ್ಸು ಬೆದರಿತು.

ಅಮೆರಿಕವನ್ನೂ ಅವರು ಕುರುಡು ಭಕ್ತಿಯಿಂದ ನೋಡಲಿಲ್ಲ. ಚುನಾವಣೆಯಲ್ಲಿ ಗೆದ್ದ ಪಕ್ಷವು ಸರ್ಕಾರಿ ಉದ್ಯೋಗಗಳನ್ನು ತನ್ನವರಿಗೆ ಹಂಚುವುದನ್ನೂ, ನಗರಾಡಳಿತದ ಭ್ರಷ್ಟತೆಯನ್ನೂ, ದೊಡ್ಡ ವ್ಯಾಪಾರಕೂಟಗಳ ಬಲವನ್ನೂ ಅವರು ಕಂಡು ಬರೆದರು. ಆದರೆ ಆ ದೇಶದ ಗಣರಾಜ್ಯವು ನಿಂತಿರುವುದು ವಾಷಿಂಗ್ಟನ್ನಿನ ಭವನಗಳ ಮೇಲಲ್ಲ, ಸ್ವಾತಂತ್ರ್ಯಕ್ಕಿಂತ ಮೊದಲೇ ಊರೂರುಗಳಲ್ಲಿ ಬೆಳೆದಿದ್ದ ಸ್ಥಳೀಯ ಸ್ವಾಡಳಿತದ ಮೇಲೆ ಎಂಬ ಮರ್ಮವು ಅವರ ಕಣ್ಣಿಗೆ ಬಿದ್ದಿತು. ಬುಡವಿಲ್ಲದೆ ಕೊಂಬೆಯನ್ನು ತಂದು ನೆಟ್ಟರೆ ಅದು ಚಿಗುರೀತೇ? ಇದು ಅವರ ಪ್ರಶ್ನೆ. ಜಪಾನಿಗೆ ಹಿಂದಿರುಗಿ ಅವರು ಬ್ಲುಂಟ್‌ಶ್ಲಿ, ಬೋರ್ನ್‌ಹಾಕ್ ಎಂಬ ಯೂರೋಪದ ರಾಜನೀತಿಜ್ಞರ ವಿಚಾರವನ್ನು ವಿವರಿಸುತ್ತ, ಕ್ರಾಂತಿಯಿಂದ ಗಣರಾಜ್ಯವನ್ನು ಪಡೆದ ದೇಶಗಳು ಒಳಜಗಳದಿಂದ ಬೇಸತ್ತು ಕಡೆಗೆ ತಮ್ಮ ಸ್ವಾತಂತ್ರ್ಯವನ್ನು ಒಬ್ಬ ಸರ್ವಾಧಿಕಾರಿಗೆ ಒಪ್ಪಿಸುತ್ತವೆಂಬ ತತ್ತ್ವವನ್ನು ಮುಂದಿಟ್ಟರು. ತಾವು ಪ್ರೀತಿಸಿದ ಗಣರಾಜ್ಯಕ್ಕೆ ಕಣ್ಣೀರಿನೊಂದಿಗೆ ವಿದಾಯ ಹೇಳಿದರು.

೧೯೦೫ರಲ್ಲಿ ಸನ್ ಯಾಟ್ ಸೆನ್ ಅವರ ಕ್ರಾಂತಿಕಾರಿ ಕೂಟವು ಟೋಕಿಯೋದಲ್ಲಿ ‘ಮಿನ್ ಬಾವೊ’ ಪತ್ರಿಕೆಯನ್ನು ಹೊರಡಿಸಿತು. ಎರಡು ಪತ್ರಿಕೆಗಳ ನಡುವೆ ಎರಡು ವರ್ಷ ನಡೆದ ವಾಗ್ಯುದ್ಧವು ಏಷ್ಯಾಖಂಡದ ಪತ್ರಿಕಾಚರಿತ್ರೆಯಲ್ಲಿ ಚಿರಸ್ಮರಣೀಯವಾದುದು. ಮಂಚು ರಾಜವಂಶವನ್ನು ಕಿತ್ತೊಗೆಯದೆ ಯಾವ ಸುಧಾರಣೆಯೂ ಸಾಧ್ಯವಿಲ್ಲ, ಜನರು ಕ್ರಾಂತಿಯಲ್ಲಿಯೇ ಶಿಕ್ಷಿತರಾಗುವರು ಎಂದು ಒಂದು ಪಕ್ಷ. ಕ್ರಾಂತಿಯಿಂದ ಅರಾಜಕತೆ, ಅರಾಜಕತೆಯಿಂದ ಪರಕೀಯರ ಹಸ್ತಕ್ಷೇಪ ಇಲ್ಲವೇ ಸೇನಾಧಿಪತಿಯ ಸರ್ವಾಧಿಕಾರ. ಆದುದರಿಂದ ಮೊದಲು ವಿವೇಕಯುತ ಪ್ರಭುತ್ವ, ಅದರ ಆಶ್ರಯದಲ್ಲಿ ವಿದ್ಯೆ, ಸ್ವಾಡಳಿತಗಳ ಅಭ್ಯಾಸ, ಬಳಿಕ ರಾಜ್ಯಘಟನೆಗೆ ಒಳಪಟ್ಟ ರಾಜತ್ವ ಎಂದು ಲಿಯಾಂಗ್ ಅವರ ಪಕ್ಷ. ತರುಣರು ಮೊದಲನೆಯ ಪಕ್ಷವನ್ನು ಹಿಡಿದರು. ಮಂಚು ದರ್ಬಾರೂ ರಾಜ್ಯಘಟನೆಯನ್ನು ಇಂದು ನಾಳೆ ಎಂದು ಮುಂದೂಡಿ ಲಿಯಾಂಗ್ ಅವರ ವಾದವನ್ನು ತಾನೇ ಹಾಳುಮಾಡಿತು. ೧೯೧೧ರ ಅಕ್ಟೋಬರ್ ೧೦ರಂದು ವೂಚಾಂಗ್‌ನಲ್ಲಿ ಸೈನಿಕರು ಎದ್ದರು. ೧೯೧೨ರ ಫೆಬ್ರವರಿ ೧೨ರಂದು ಬಾಲಚಕ್ರವರ್ತಿಯು ಸಿಂಹಾಸನವನ್ನು ತ್ಯಜಿಸಿದನು. ಚೀಣವು ಗಣರಾಜ್ಯವಾಯಿತು.

ಮುಂದೆ ನಡೆದುದೇನು? ಸೇನಾಬಲವಿದ್ದ ಯುವಾನ್ ಶಿಕಾಯ್ ಅಧ್ಯಕ್ಷನಾದನು. ಚುನಾವಣೆಯಲ್ಲಿ ಗೆದ್ದ ಪಕ್ಷದ ನಾಯಕ ಸುಂಗ್ ಚ್ಯಾವ್‌ರೆನ್ ಅವರನ್ನು ೧೯೧೩ರ ಮಾರ್ಚಿಯಲ್ಲಿ ಶಾಂಘಾಯಿ ರೈಲ್ವೆ ನಿಲ್ದಾಣದಲ್ಲಿ ಗುಂಡಿಕ್ಕಿ ಕೊಂದರು. ವರ್ಷ ತುಂಬುವುದರೊಳಗೆ ಪಾರ್ಲಿಮೆಂಟು ಮುಚ್ಚಿತು. ಲಿಯಾಂಗ್ ಅವರು ಹೆದರಿದ್ದಂತೆಯೇ ಆಯಿತು. ೧೯೧೨ರಲ್ಲಿ ಸ್ವದೇಶಕ್ಕೆ ಹಿಂದಿರುಗಿದ್ದ ಅವರು ಬಲವಾದ ಸರ್ಕಾರದ ಆಶೆಯಿಂದ ಅದೇ ಯುವಾನನ ಮಂತ್ರಿಮಂಡಲದಲ್ಲಿ ಕೆಲವು ತಿಂಗಳು ನ್ಯಾಯಮಂತ್ರಿಯಾಗಿದ್ದರೆಂಬುದನ್ನು ನಾವು ಮರೆಮಾಚಲಾರೆವು. ಇದು ಅವರ ಜೀವನದ ದೊಡ್ಡ ತಪ್ಪೆಣಿಕೆ. ಹುಲಿಯ ಬೆನ್ನನ್ನೇರಿ ಅದನ್ನು ಹಸುವನ್ನಾಗಿ ಮಾಡುವೆವೆಂದು ನಂಬಿದ ಸಜ್ಜನರಲ್ಲಿ ಅವರೂ ಒಬ್ಬರು.

ಆದರೆ ಅವರ ನಿಜವಾದ ಹಿರಿಮೆ ಹೊಳೆದುದು ಇದರ ಅನಂತರವೇ. ೧೯೧೫ರಲ್ಲಿ ಯುವಾನನಿಗೆ ಚಕ್ರವರ್ತಿಯಾಗುವ ಆಶೆ ಹುಟ್ಟಿತು. ಅಮೆರಿಕದ ಪಂಡಿತನೂ ಅವನ ಸಲಹೆಗಾರನೂ ಆದ ಫ್ರಾಂಕ್ ಗುಡ್‌ನೌ, ಚೀಣಕ್ಕೆ ಗಣರಾಜ್ಯಕ್ಕಿಂತ ರಾಜತ್ವವೇ ಹೆಚ್ಚು ಹೊಂದುವುದೆಂಬ ಅಭಿಪ್ರಾಯಪತ್ರವನ್ನು ಬರೆದುಕೊಟ್ಟನು. ಹನ್ನೆರಡು ವರ್ಷಗಳಿಂದ ಗಣರಾಜ್ಯವು ಬೇಡವೆಂದು ಹೇಳುತ್ತ ಬಂದಿದ್ದ ಲಿಯಾಂಗ್ ಅವರು ಈಗ ತಮ್ಮ ಮತವೇ ಗೆದ್ದಿತೆಂದು ಹಿಗ್ಗುವರೆಂದು ಎಲ್ಲರೂ ಭಾವಿಸಿದ್ದರು. ಅವರು ಬರೆದ ಲೇಖನವು ಅದಕ್ಕೆ ತದ್ವಿರುದ್ಧವಾಗಿತ್ತು. ಅದು ಅಚ್ಚಾಗುವುದಕ್ಕೆ ಮುಂಚೆಯೇ ಯುವಾನನ ಕಡೆಯವರು ಬಂದು, ಪ್ರಕಟಿಸದಿದ್ದರೆ ಎರಡು ಲಕ್ಷ ನಾಣ್ಯಗಳನ್ನು ಕೊಡುವೆವೆಂದರು. ಒಪ್ಪದಿದ್ದಾಗ ಮತ್ತೆ ದೇಶಭ್ರಷ್ಟನಾಗುವೆಯೆಂದು ಬೆದರಿಸಿದರು. ಅಲೆಮಾರಿಯ ಬಾಳಿನಲ್ಲಿ ನಾನು ಪಳಗಿದವನೆಂದು ಉತ್ತರ ಕೊಟ್ಟುದಾಗಿ ಲಿಯಾಂಗ್ ಅವರೇ ಮುಂದೆ ಹೇಳಿಕೊಂಡಿದ್ದಾರೆ. ಲೇಖನವು ಅಚ್ಚಾಯಿತು. ಪತ್ರಿಕಾವ್ಯವಸಾಯದಲ್ಲಿ ತಲೆ ನರೆತಿರುವ ನಮಗೆ ಈ ಪ್ರಸಂಗವನ್ನು ಓದಿದಾಗಲೆಲ್ಲ ಮೈ ನವಿರೇಳುತ್ತದೆ. ಕಾಗದದ ಸಾಲ, ಅಚ್ಚುಕೂಟದ ಬಾಡಿಗೆ, ಆಳುಗಳ ಸಂಬಳ ಇವುಗಳ ನಡುವೆ ಬಾಳುವ ಸಂಪಾದಕನಿಗೆ ಎರಡು ಲಕ್ಷವೆಂದರೇನೆಂಬುದನ್ನು ಬಲ್ಲವರೇ ಬಲ್ಲರು.

ಆ ಲೇಖನದಲ್ಲಿ ಅವರು ಹೇಳಿದುದೇನು? ರಾಜ್ಯದ ರೂಪವೆಂಬುದು ಒಂದು, ಆಡಳಿತದ ರೀತಿಯೆಂಬುದು ಇನ್ನೊಂದು. ರಾಜನಿರುವನೋ ಅಧ್ಯಕ್ಷನಿರುವನೋ ಎಂಬುದು ರೂಪದ ಪ್ರಶ್ನೆ. ಅಧಿಕಾರವು ಕಟ್ಟಳೆಗೆ ಒಳಪಟ್ಟಿದೆಯೋ ಇಲ್ಲವೋ ಎಂಬುದು ರೀತಿಯ ಪ್ರಶ್ನೆ. ರಾಜನಿದ್ದೂ ಕಟ್ಟಳೆಯಿರಬಹುದು, ರಾಜನಿಲ್ಲದೆಯೂ ನಿರಂಕುಶತೆಯಿರಬಹುದು. ರಾಜಕಾರಣಿಯು ಹಿಡಿಯಬೇಕಾದದ್ದು ಎರಡನೆಯ ಪ್ರಶ್ನೆಯನ್ನು. ಯಾವ ರೂಪವು ಈಗಾಗಲೇ ನಿಂತಿದೆಯೋ ಅದನ್ನು ಕೆಡವುವುದರಿಂದ ರೀತಿಯು ಸುಧಾರಿಸುವುದಿಲ್ಲ. ಕೆಡವಿದಷ್ಟೂ ದೇಶವು ಬಳಲುವುದು. ಅಂದು ರಾಜತ್ವವನ್ನು ಕೆಡವಬೇಡಿರೆಂದದ್ದು ಇದೇ ಕಾರಣದಿಂದ. ಇಂದು ಗಣರಾಜ್ಯವನ್ನು ಕೆಡವಬೇಡಿರೆನ್ನುವುದೂ ಇದೇ ಕಾರಣದಿಂದ. ಅಲ್ಲದೆ, ಗುಡಿಯಲ್ಲಿ ಪೂಜೆಗೊಳ್ಳುತ್ತಿದ್ದ ವಿಗ್ರಹವನ್ನು ಒಮ್ಮೆ ಕಿತ್ತು ಹೊಲಸಿನಲ್ಲಿ ಎಸೆದ ಮೇಲೆ, ಅದನ್ನು ತೊಳೆದು ಮತ್ತೆ ಪೀಠದ ಮೇಲಿಟ್ಟರೆ ಯಾರ ಕೈಗಳು ತಾನೇ ಜೋಡಿಸಿಯಾವು? ರಾಜತ್ವದ ಮಹಿಮೆಯೂ ಹಾಗೆಯೇ ಎಂಬುದು ಅವರ ದೃಷ್ಟಾಂತ.

ಡಿಸೆಂಬರಿನಲ್ಲಿ ಯುವಾನನು ಕೂಡಿಸಿದ ಪ್ರತಿನಿಧಿಗಳು ೧೯೯೩ ಮಂದಿ. ರಾಜತ್ವದ ಪರವಾಗಿ ಬಿದ್ದ ಮತಗಳೂ ೧೯೯೩! ಒಂದಾದರೂ ವಿರೋಧಮತವಿಲ್ಲದ ಇಂತಹ ಒಮ್ಮತವನ್ನು ಕಂಡಾಗಲೇ ಪ್ರಜಾಸತ್ತೆಯು ಸತ್ತಿದೆಯೆಂದು ತಿಳಿಯತಕ್ಕದ್ದು. ಲಿಯಾಂಗ್ ಅವರ ಹಳೆಯ ಶಿಷ್ಯ, ಸೇನಾನಿ ತ್ಸಾಯ್ ಎ ಅವರು ಬೀಜಿಂಗಿನಿಂದ ತಪ್ಪಿಸಿಕೊಂಡು ದೂರದ ಯುನ್ನಾನ್ ಪ್ರಾಂತವನ್ನು ಸೇರಿ ಡಿಸೆಂಬರ್ ೨೫ರಂದು ಗಣರಾಜ್ಯರಕ್ಷಣೆಯ ಧ್ವಜವನ್ನೆತ್ತಿದರು. ಗುರುವೂ ವೇಷ ಮರೆಸಿಕೊಂಡು ದಕ್ಷಿಣಕ್ಕೆ ನಡೆದರು. ೧೯೧೬ರ ಮಾರ್ಚಿಯಲ್ಲಿ ಯುವಾನನು ಕಿರೀಟದ ಆಶೆಯನ್ನು ಬಿಟ್ಟನು. ಜೂನ್ ೬ರಂದು ಪ್ರಾಣವನ್ನೂ ಬಿಟ್ಟನು. ಮರುವರ್ಷ ಜುಲೈಯಲ್ಲಿ ಸೇನಾಧಿಪತಿ ಚಾಂಗ್ ಶ್ಯುನ್ ಹಳೆಯ ಬಾಲಚಕ್ರವರ್ತಿಯನ್ನು ಹನ್ನೆರಡು ದಿನ ಸಿಂಹಾಸನದ ಮೇಲೆ ಕೂರಿಸಿದಾಗ ಅವನ ಬೆಂಬಲಕ್ಕೆ ನಿಂತವರು ಕಾಂಗ್ ಯೂವೆಯ್. ಲಿಯಾಂಗ್ ಅವರು ತಮ್ಮ ಗುರುವಿಗೇ ಎದುರಾಗಿ ನಿಂತರು. ಗುರುಭಕ್ತಿಯನ್ನು ಪರಮಧರ್ಮವೆಂದೆಣಿಸುವ ನಾಡಿನಲ್ಲಿ ಇದು ಸಣ್ಣ ಮಾತಲ್ಲ.

ಇವರು ಗಳಿಗೆಗೊಂದು ಮಾತಿನವರೆಂದು ವಿರೋಧಿಗಳು ಹಂಗಿಸಿದರು. ಇಂದಿನ ತಾನು ನಿನ್ನೆಯ ತನ್ನನ್ನು ಖಂಡಿಸಲು ಹಿಂಜರಿಯುವುದಿಲ್ಲವೆಂದು ಲಿಯಾಂಗ್ ಅವರೂ ಒಪ್ಪಿಕೊಂಡಿದ್ದರು. ಆದರೆ ನಮ್ಮ ಅಭಿಪ್ರಾಯದಲ್ಲಿ ಅವರ ಮಾತುಗಳು ಬದಲಾದರೂ ಪ್ರಶ್ನೆಯು ಬದಲಾಗಲಿಲ್ಲ. ಅಧಿಕಾರಕ್ಕೆ ಕಡಿವಾಣವೆಲ್ಲಿ? ಆ ಕಡಿವಾಣವನ್ನು ಹಿಡಿಯಬಲ್ಲ ಪೌರನೆಲ್ಲಿ? ಇದೊಂದೇ ಅವರ ಜೀವನದ ಪ್ರಶ್ನೆ. ೧೯೨೩ರಲ್ಲಿ ತ್ಸಾವ್ ಕುನ್ ಎಂಬ ಸೇನಾಧಿಪತಿಯು ಪಾರ್ಲಿಮೆಂಟಿನ ಸದಸ್ಯರಿಗೆ ತಲೆಗೆ ಐದು ಸಾವಿರ ನಾಣ್ಯಗಳ ಲಂಚ ಕೊಟ್ಟು ಅಧ್ಯಕ್ಷಪದವಿಯನ್ನು ಕೊಂಡುಕೊಂಡಾಗ, ಪೌರನಿಲ್ಲದ ಗಣರಾಜ್ಯವೆಂದರೇನೆಂಬುದನ್ನು ಜಗತ್ತೇ ಕಂಡಿತು.

ರೋಗನಿದಾನವು ಸರಿ; ಔಷಧದ ವಿಷಯದಲ್ಲಿ ಮಾತ್ರ ನಾವು ಅವರೊಡನೆ ಒಪ್ಪಲಾರೆವು. ಜನರು ಯೋಗ್ಯರಾಗುವವರೆಗೆ ಕಾಯಿರಿ ಎಂದರೆ, ಯೋಗ್ಯತೆಯ ಪರೀಕ್ಷಕರು ಯಾರು? ಅಧಿಕಾರದಲ್ಲಿರುವವರೇ ತಾನೇ? ಲಿಯಾಂಗ್ ಅವರನ್ನು ಖಂಡಿಸಿದ ಕ್ರಾಂತಿಪಕ್ಷದವರೇ ೧೯೨೮ರಲ್ಲಿ ದೇಶದ ಅಧಿಕಾರವನ್ನು ಹಿಡಿದಾಗ, ಜನರಿಗೆ ರಾಜಕೀಯ ಶಿಕ್ಷಣವಾಗಬೇಕೆಂದು ಹೇಳಿ ಆರು ವರ್ಷಗಳ ಗಡುವನ್ನು ಹಾಕಿದರು. ರಾಜ್ಯಘಟನೆಯು ಜಾರಿಗೆ ಬಂದದ್ದು ೧೯೪೭ರ ಡಿಸೆಂಬರ್ ೨೫ರಂದು! ತನ್ನ ಸಂಬಳವು ಶಿಷ್ಯನ ದಡ್ಡತನವನ್ನೇ ಅವಲಂಬಿಸಿರುವ ಉಪಾಧ್ಯಾಯನು ಶಿಷ್ಯನನ್ನು ಎಂದಿಗಾದರೂ ತೇರ್ಗಡೆ ಮಾಡುವನೇ?

ಈ ಮಾತಿನ ಕಹಿಯನ್ನು ನಾವೂ ಬಲ್ಲೆವು. ಲಿಯಾಂಗ್ ಅವರು ಈ ವಾದದಲ್ಲಿ ತೊಡಗಿದ್ದ ಕಾಲದಲ್ಲಿಯೇ, ೧೯೦೮ರಲ್ಲಿ, ಲಾರ್ಡ್ ಮಾರ್ಲೆ ಮಹಾಶಯರು ಹಿಂದೂಸ್ಥಾನಕ್ಕೆ ಪಾರ್ಲಿಮೆಂಟರಿ ಪದ್ಧತಿಯನ್ನು ತರುವ ಕೆಲಸಕ್ಕೆ ತಾವು ಕೈಹಾಕುವುದಿಲ್ಲವೆಂದು ಲಂಡನ್ನಿನ ಪ್ರಭುಸಭೆಯಲ್ಲಿ ಸಾರಿದ್ದರು. ೧೯೫೧ರ ಜನಗಣತಿಯಲ್ಲಿ ನಮ್ಮ ದೇಶದ ಅಕ್ಷರಸ್ಥರು ನೂರಕ್ಕೆ ಸುಮಾರು ಹದಿನೆಂಟು ಮಂದಿ. ಆ ವರ್ಷವೇ ಮೊದಲಾದ ಪ್ರಥಮ ಮಹಾಚುನಾವಣೆಯಲ್ಲಿ ಮತದಾರರ ಸಂಖ್ಯೆ ಸುಮಾರು ೧೭ ಕೋಟಿ. ಈಜು ಕಲಿತ ಮೇಲೆಯೇ ನೀರಿಗಿಳಿಯುವೆನೆಂದು ನಮ್ಮವರು ಹೇಳಲಿಲ್ಲ. ಚೀಣೀ ಜನರ ವಿಷಯದಲ್ಲಿಯೂ ಲಿಯಾಂಗ್ ಅವರ ಸಂದೇಹಕ್ಕೆ ಉತ್ತರವು ಚೀಣೀ ಜನರಿಂದಲೇ ದೊರೆತಿದೆ. ತೈವಾನ್ ದ್ವೀಪದಲ್ಲಿ ೧೯೪೯ರಿಂದ ಇದ್ದ ಸೇನಾಶಾಸನವು ೧೯೮೭ರಲ್ಲಿ ಕೊನೆಗೊಂಡಿತು. ೧೯೯೬ರಲ್ಲಿ ಅಲ್ಲಿನ ಜನರು ತಮ್ಮ ಅಧ್ಯಕ್ಷನನ್ನು ತಾವೇ ನೇರವಾಗಿ ಚುನಾಯಿಸಿಕೊಂಡರು. ಅದೇ ಭಾಷೆ, ಅದೇ ಕುಲಾಚಾರ, ಅದೇ ಕನ್ಫ್ಯೂಷಿಯಸ್ಸನ ಪರಂಪರೆ! ಮುಖ್ಯ ಚೀಣದಲ್ಲಾದರೋ ೧೯೪೯ರಲ್ಲಿ ಸ್ಥಾಪಿತವಾದ ರಾಜ್ಯಕ್ಕೂ ಗಣರಾಜ್ಯವೆಂದೇ ಹೆಸರು. ಅಲ್ಲಿ ಅಧ್ಯಕ್ಷನು ಎರಡು ಅವಧಿಗಳಿಗಿಂತ ಹೆಚ್ಚು ಕಾಲ ಒಂದೇ ಸಮನೆ ಅಧಿಕಾರದಲ್ಲಿರಕೂಡದೆಂಬ ಕಟ್ಟಳೆಯನ್ನು ೨೦೧೮ರಲ್ಲಿ ರಾಜ್ಯಘಟನೆಯಿಂದಲೇ ತೆಗೆದುಹಾಕಲಾಯಿತು. ರೂಪವು ಹಾಗೆಯೇ ಇದೆ. ರೀತಿಯನ್ನು ಕುರಿತು ಲಿಯಾಂಗ್ ಅವರು ಕೇಳಿದ ಪ್ರಶ್ನೆಯೂ ಹಾಗೆಯೇ ಇದೆ.

ಲಿಯಾಂಗ್ ಅವರಿಗೂ ಭಾರತಕ್ಕೂ ಇದ್ದ ನಂಟನ್ನು ಹೇಳದೆ ಈ ಲೇಖನವನ್ನು ಮುಗಿಸುವುದು ಉಚಿತವಲ್ಲ. ೧೯೦೨ರಲ್ಲಿ ದಾರ್ಜಿಲಿಂಗಿನಲ್ಲಿ ವಾಸವಾಗಿದ್ದ ಕಾಂಗ್ ಅವರು, ಪ್ರಾಂತಗಳು ಬೇರೆಬೇರೆಯಾದುದರಿಂದಲೇ ಭಾರತವು ಸ್ವಾತಂತ್ರ್ಯವನ್ನು ಕಳೆದುಕೊಂಡಿತು, ಚೀಣಕ್ಕೆ ಆ ಗತಿ ಬರಬಾರದು ಎಂದು ಲಿಯಾಂಗ್ ಮೊದಲಾದ ಶಿಷ್ಯರಿಗೆ ಬರೆದರು. ಅಂದು ನಮ್ಮ ದೇಶವು ಅವರಿಗೆ ಎಚ್ಚರಿಕೆಯ ಉದಾಹರಣೆಯಾಗಿತ್ತು. ಇಪ್ಪತ್ತೆರಡು ವರ್ಷಗಳ ಅನಂತರ, ೧೯೨೪ರಲ್ಲಿ, ರವೀಂದ್ರನಾಥ ಠಾಕೂರರು ಚೀಣಕ್ಕೆ ಹೋದಾಗ ಅವರನ್ನು ಬರಮಾಡಿಕೊಂಡವರು ಲಿಯಾಂಗ್ ಅವರು. ಎರಡು ದೇಶಗಳ ಪ್ರಾಚೀನ ನಾಮಗಳನ್ನು ಕೂಡಿಸಿ ‘ಚು ಚೆನ್‌ತಾನ್’ ಎಂಬ ಚೀಣೀ ಹೆಸರನ್ನು ಕವಿಗೆ ಇಟ್ಟವರೂ ಅವರೇ. ೧೯೨೯ರ ಜನವರಿ ೧೯ರಂದು, ಐವತ್ತಾರು ತುಂಬುವುದಕ್ಕೆ ಮೊದಲೇ, ಅವರು ಬೀಜಿಂಗಿನಲ್ಲಿ ಕಾಲವಾದರು.

ವಾಚಕ ಮಹಾಶಯರೇ, ಗಣರಾಜ್ಯವೆಂಬುದು ಒಮ್ಮೆ ಪಡೆದು ಪೆಟ್ಟಿಗೆಯಲ್ಲಿ ಬೀಗ ಹಾಕಿಡುವ ಒಡವೆಯಲ್ಲ. ದಿನವೂ ನೀರೆರೆಯಬೇಕಾದ ಗಿಡವದು. ಸಭೆಯಲ್ಲಿ ಎದುರಾಳಿಯ ಮಾತನ್ನು ಕೊನೆಯವರೆಗೆ ಕೇಳುವಾಗ, ಜಾತಿಯವನನ್ನು ಬಿಟ್ಟು ಯೋಗ್ಯನಿಗೆ ಮತ ಹಾಕುವಾಗ, ಮತಕ್ಕೆ ಬಂದ ನಾಣ್ಯವನ್ನು ಹಿಂದಕ್ಕೆ ಕೊಡುವಾಗ ಅದು ಚಿಗುರುತ್ತದೆ. ಯೋಗ್ಯರಾಗುವವರೆಗೆ ಕಾಯಿರೆಂದ ಲಿಯಾಂಗ್ ಅವರ ಮಾತನ್ನು ಚರಿತ್ರೆಯು ಒಪ್ಪಲಿಲ್ಲ. ಯೋಗ್ಯರಾಗಿರೆಂದ ಅವರ ಮಾತನ್ನು ತಳ್ಳಿಹಾಕುವ ಅಧಿಕಾರವು ಯಾವ ದೇಶದ ಪೌರನಿಗೂ ಇಲ್ಲ.